ಅಕ್ಕಯ್ಯಮ್ಮ ನಕ್ಕಿದ್ದು

ಬೈರಯ್ಯ ಕೆಂಪಯ್ಯನ ರಟ್ಟೆ ಹಿಡಿದು ಚಪ್ಪರದ ಆಚೆಗೆ ಎಳೆದುಕೊಂಡ.

"ಮಖ ನೋಡಿದ್ದಾಯ್ತಲ್ಲ. ನಡಿ, ಕೆಂಗೇರಿಗೆ ಹೋಗಾನ."

"ಮಣ್ಣು ಮಾಡಗಂಟ ಇರ್ತೀನಿ ಮಾವ."

"ಇರು, ಬ್ಯಾಡ ಅನ್ನಕಿಲ್ಲ. ಜನದ ಜೊತೆ ನಿಂತ್ಕ. ಮಗ ಅಂತ ಮಾತ್ರ ಮುಂದಕ್ಕೆ ಹೋಗಬ್ಯಾಡ."

ಚಪ್ಪರದ ಕೆಳಗೆ ಚಟ್ಟದ ಮೇಲೆ ಅಕ್ಕಯ್ಯಮ್ಮ ಮಲಗಿದ್ದಳು. ಹಣೆಗೆ ವಿಭೂತಿ ಬಳಿದಿದ್ದರು. ಮೂರು ದಿನದ ಜ್ವರಕ್ಕೆ ಹೋದ ಹೆಂಗಸು. ಅದರ ಹಿಂದಿನ ದಿನದವರೆಗೂ ಮಾರೇನಹಳ್ಳಿಯಿಂದ ರಾಜಾಜಿನಗರದ ಹೊಸ ಮನೆಗಳಿಗೆ ಸೊಪ್ಪಿನ ಕುಕ್ಕೆ ಹೊತ್ತು ನಡೆದವಳು. ಸ್ವಂತ ಮಕ್ಕಳಿರಲಿಲ್ಲ. ಕೆಂಪಯ್ಯ ಅವಳ ಗಂಡನ ಮೊದಲ ಹೆಂಡತಿಯ ಮಗ. ಬೈರಯ್ಯ ಆ ತೀರಿಹೋದ ಹೆಂಡತಿಯ ಅಣ್ಣ. ಆರು ವರ್ಷದಿಂದ ಕೆಂಪಯ್ಯ ಈ ಮನೆಯ ಹೊಸಿಲು ತುಳಿದಿರಲಿಲ್ಲ. ಕೆಂಗೇರಿಯಲ್ಲಿ ಮಾವನ ಬೆಲ್ಲದ ಅಂಗಡಿ ನೋಡಿಕೊಂಡಿದ್ದ. ಬರುವ ಮಾಘದಲ್ಲಿ ಮಾವನ ಮಗಳೊಂದಿಗೆ ಮದುವೆ ಎಂದು ಮಾತಾಗಿತ್ತು.

ದಾಯಾದಿಗಳಲ್ಲಿ ಹಿರಿಯನಾದ ಮುನಿಯಪ್ಪ ತಮಟೆಯವರಿಗೆ ನಿಲ್ಲಿಸಲು ಕೈ ಸನ್ನೆ ಮಾಡಿ ಇತ್ತ ಬಂದ.

"ಹೊತ್ತು ಇಳೀತಾ ಐತೆ. ನೀರಿನ ಮಡಕೆ ಯಾರು ಹೊರ್ತೀರಿ, ಹೇಳ್ಬಿಡಿ. ಕೆಂಪಯ್ಯ, ನೀನು ಇದ್ದೂ ಇನ್ನೊಬ್ರು ಹೊತ್ರೆ ಚೆಂದಾಗಿರಾಕಿಲ್ಲ ಕಣಪ್ಪ."

"ಅವ್ನು ಹೊರಾಕಿಲ್ಲ," ಎಂದ ಬೈರಯ್ಯ.

"ಅವ್ನೇ ಹೇಳ್ಲಿ."



\* \* \*

ಆರು ವರ್ಷದ ಹಿಂದೆ ರಾಜಾಜಿನಗರದಲ್ಲಿ ಎಲ್ಲಿ ನೋಡಿದರೂ ಪಾಯ ತೋಡುತ್ತಿದ್ದರು. ಅಪ್ಪ ತೀರಿಕೊಂಡಿದ್ದ. ಹದಿನೇಳರ ಕೆಂಪಯ್ಯ ಕೂಲಿಗೆ ಹೋಗುತ್ತಿದ್ದ. ಪಕ್ಕದವನ ಪಿಕಾಸಿ ಜಾರಿ ಅವನ ಮೀನಖಂಡಕ್ಕೆ ಇಳಿಯಿತು.

ಸುದ್ದಿ ಕೇಳಿ ಬೈರಯ್ಯ ತನಗೆ ಗೊತ್ತಿದ್ದ ಸೊಪ್ಪಿನ ಔಷಧಿಯವನನ್ನು ಕರೆತಂದ. ಅವನು ಸೊಪ್ಪು ಅರೆದು ಮೆತ್ತಿ, ಬಟ್ಟೆ ಬಿಗಿದು, ತಾನು ಬರುವವರೆಗೆ ಬಿಚ್ಚಬಾರದೆಂದು ಹೇಳಿಹೋದ. ಕಾಲು ಊದಿತು. ಜ್ವರ ಏರಿ ಕೆಂಪಯ್ಯ ಏನೇನೋ ಬಡಬಡಿಸತೊಡಗಿದ. ಅಕ್ಕಯ್ಯಮ್ಮ ಅವನ ಹಾಸಿಗೆಯ ಹತ್ತಿರ ಬಗ್ಗಿದವಳು ಮೂಗು ಅರಳಿಸಿ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಕುಡುಗೋಲು ತಂದು ಪಟ್ಟು ಕೊಯ್ದಳು. ಒಳಗೆ ಮಾಂಸ ಕಪ್ಪಾಗಿತ್ತು.

ಪಕ್ಕದ ಮನೆಯ ಲಿಂಗಮ್ಮನನ್ನು ಜೊತೆಗೆ ಕರೆದುಕೊಂಡು ಗಾಡಿ ಕಟ್ಟಿಸಿ ಮಾಗಡಿ ರಸ್ತೆಯ ಮೇಲೆ ಆಸ್ಪತ್ರೆಗೆ ಹೊಡೆಸಿದಳು. ಬೈರಯ್ಯ ಆಸ್ಪತ್ರೆಯ ಬಾಗಿಲಿಗೇ ಬಂದು ಅಡ್ಡ ನಿಂತ.

"ನನ್ನ ತಂಗಿ ಮಗನ ಕಾಲು ಕುಯ್ಯಿಸ್ತೀಯಾ? ಕುಂಟನ್ನ ಮಾಡಿ ಹೊಲ ನೀನೇ ಉಣ್ಣಾನ ಅಂತಲೋ?"

ಡಾಕ್ಟರು ಅವಳನ್ನೇ ಕೇಳಿದರು. "ಸತ್ತಿರೋ ಮಾಂಸ ಎಲ್ಲಾ ತೆಗೀಬೇಕಮ್ಮ. ಅದು ಒಳಗಿದ್ರೆ ನಂಜು ಮೇಲಕ್ಕೆ ಏರುತ್ತೆ. ಒಂದೇ ಸಲಕ್ಕೆ ಮುಗಿಯೋದಿಲ್ಲ. ತೆಗೀಲಾ?"

"ತೆಗೀರಿ ಸ್ವಾಮಿ," ಎಂದಳು ಅಕ್ಕಯ್ಯಮ್ಮ, ಬೈರಯ್ಯನ ಕಡೆ ನೋಡದೆ.

ಮೊದಲ ದಿನ ಮೂಗಿಗೆ ಔಷಧಿ ಹಿಡಿದು ಮಲಗಿಸಿ ಕೊಯ್ದರು. ಆಮೇಲೆ ದಿನವೂ ಬೆಳಗ್ಗೆ, ಎಚ್ಚರವಿದ್ದಂತೆಯೇ, ಗಾಯ ತೊಳೆದು ಉಳಿದದ್ದನ್ನು ಕತ್ತರಿಸುತ್ತಿದ್ದರು. ಪೆನಿಸಿಲಿನ್ ಸೂಜಿ ಬೇರೆ. ಲಿಂಗಮ್ಮ ಕಾಲು ಹಿಡಿಯುತ್ತಿದ್ದಳು, ಮುಖ ಗೋಡೆಯ ಕಡೆಗೆ ತಿರುಗಿಸಿ. ಅಕ್ಕಯ್ಯಮ್ಮ ಭುಜ ಒತ್ತಿ ಹಿಡಿದು ಗಾಯವನ್ನೇ ನೋಡುತ್ತಿದ್ದಳು. ಕತ್ತರಿ ಆಡುವ ಸದ್ದು ಕೆಂಪಯ್ಯನಿಗೆ ಕೇಳಿಸುತ್ತಿತ್ತು, ಆದರೆ ಏನೂ ಅನ್ನಿಸುತ್ತಿರಲಿಲ್ಲ. ಬೇರೆ ಯಾರದೋ ಕಾಲನ್ನು ಕತ್ತರಿಸಿದಂತಿತ್ತು.

ಒಂದು ಬೆಳಗ್ಗೆ ಕತ್ತರಿ ಇನ್ನೊಂದಿಷ್ಟು ಒಳಗೆ ಹೋಯಿತು. ಬೆಂಕಿ ಇಟ್ಟಂತಾಗಿ ಕೆಂಪಯ್ಯ ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಅರಚಿದ. ಅರಚುತ್ತಲೇ ಕತ್ತೆತ್ತಿ ನೋಡಿದ.

ಅಕ್ಕಯ್ಯಮ್ಮ ನಗುತ್ತಿದ್ದಳು. ಹಲ್ಲು ಕಾಣುವ ಹಾಗೆ, ಸದ್ದು ಮಾಡಿ.

ನಡೆಯಲು ಬಂದ ದಿನವೇ ಅವನು ಕೆಂಗೇರಿಗೆ ಹೋದ.

\* \* \*

"ಯಾಕೆ ಹೊರಬೇಕು ಹೇಳಿ?" ಬೈರಯ್ಯನ ದನಿ ಏರಿತು. ಚಪ್ಪರದ ಕೆಳಗಿನ ಹೆಂಗಸರು ಅಳು ನಿಲ್ಲಿಸಿದರು. "ಹುಡುಗ ಪ್ರಾಣ ಹೋಗಂಗೆ ಬಡ್ಕಂತಿದ್ರೆ ನಗ್ತಿದ್ಲಂತೆ ಇವ್ಳು. ಹೆತ್ತೋಳಾಗಿದ್ರೆ ನಗ್ತಿದ್ಲಾ?"

ಹೆಣದ ಕಾಲ ಬಳಿ ಕೂತಿದ್ದ ಲಿಂಗಮ್ಮ ಎದ್ದು ಬಂದಳು.

"ಹೌದು, ನಕ್ಲು. ನಾನೇ ಅಲ್ಲಿದ್ದೆ."

"ಕೇಳಿದ್ರಾ?"

"ಪೂರ್ತಿ ಕೇಳ್ರಿ ಬೈರಯ್ಯನೋರೆ. ಹಿಂದಿನ ದಿನ ಡಾಕ್ಟ್ರು ನಮ್ಮಿಬ್ರನ್ನೂ ಹೊರಕ್ಕೆ ಕರೆದು ಹೇಳಿದ್ರು. 'ಸತ್ತ ಮಾಂಸಕ್ಕೆ ನೋವಿಲ್ಲ, ರಕ್ತಾನೂ ಬರಲ್ಲ. ಇಷ್ಟು ಕತ್ತರಿಸಿದ್ರೂ ಹುಡುಗ ಸುಮ್ನೆ ಮಲಗವ್ನೆ. ನಾಳೆನೂ ಹಿಂಗೇ ಸುಮ್ನಿದ್ರೆ ಮೊಣಕಾಲಿಂದ ಕಾಲೇ ತೆಗೀಬೇಕು' ಅಂದ್ರು. ಅವತ್ತೆಲ್ಲಾ ಅವಳು ಒಂದು ತುತ್ತು ಉಣ್ಣಲಿಲ್ಲ. ಬೆಳಗ್ಗೆ ಇವ್ನು ಅರಚ್ದ. ಡಾಕ್ಟ್ರು ಕತ್ತರಿ ಕೆಳಗಿಟ್ರು. 'ಇಲ್ಲಿ ಜೀವ ಐತೆ' ಅಂದ್ರು. ಆಗ ನಕ್ಲು. ನಾನೂ ನಕ್ಕೆ. ನನ್ನ ಮಖ ಗೋಡೆ ಕಡೆಗಿತ್ತು, ಇವ್ನಿಗೆ ಕಾಣ್ಲಿಲ್ಲ."

ಕೆಂಪಯ್ಯ ಲಿಂಗಮ್ಮನ ಹತ್ತಿರಕ್ಕೆ ಬಂದ.

"ನಂಗೆ ಯಾಕೆ ಹೇಳ್ಲಿಲ್ಲ ಲಿಂಗಕ್ಕ?"

"ನೀನು ನಿಂತ್ಕಂಡು ಕೇಳಿದ್ಯಾ? ನಾನೇ ಕೆಂಗೇರಿಗೆ ಹೋಗಿ ಹೇಳ್ತೀನಿ ಅಂದ್ರೆ ಅವಳು ಬಿಡ್ಲಿಲ್ಲ. ಒಂದು ದಿನ ತಾನೇ ಸಂತೆಗೆ ಹೋಗಿ ದೂರದಿಂದ ನಿನ್ನ ನೋಡ್ಕಂಡು ಬಂದ್ಲು. ಮಾತಾಡಿಸಿದ್ಯೇನೇ ಅಂದೆ. 'ಇಲ್ಲ ಕಣೆ, ಮೂಟೆ ಹೊತ್ಕಂಡು ನಡೀತಿದ್ದ' ಅಂದ್ಲು. 'ಸಿಟ್ಟು ಮಾಡ್ಕಂಡು ಹೋದ, ಹೋಗ್ಲಿ. ನಡ್ಕಂಡು ಹೋದ್ನಲ್ಲ' ಅಂದ್ಲು." ಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬೈರಯ್ಯನ ಕಡೆ ತಿರುಗಿದಳು. "ಇನ್ನೊಂದು ಮಾತು. ಆ ಸೊಪ್ಪಿನ ಪಟ್ಟು ಕಟ್ಟಿಸಿದ್ದು ಯಾರು ಅಂತ ಅವಳು ಒಂದು ದಿನಾನೂ ಬಾಯಿ ಬಿಡ್ಲಿಲ್ಲ. ಸಾಯೋಗಂಟ."

ಬೈರಯ್ಯ ಅಳಿಯನಿಗೆ ಹೇಳಿದ:

"ಆ ಮಡಕೆ ಮುಟ್ಟಿದ್ರೆ ನನ್ನ ಮನೆ ಕಡೆ ಬರಬ್ಯಾಡ. ಮಗಳ ಮಾತೂ ಎತ್ತಬ್ಯಾಡ. ಯೋಚನೆ ಮಾಡ್ಕ."

ಕೆಂಪಯ್ಯ ನೆಲ ನೋಡುತ್ತ ನಿಂತ. ಮುನಿಯಪ್ಪ ಕಾದ. ಚಟ್ಟ ಹೊರುವವರು ಟವಲನ್ನು ಹೆಗಲಿಗೆ ಹಾಕಿಕೊಂಡು ಕಾದರು. ಕೊನೆಗೆ ಅವನು ಶರಟಿನ ಗುಂಡಿಗಳನ್ನು ಬಿಚ್ಚತೊಡಗಿದ. ಕೊನೆಯ ಗುಂಡಿ ಬರಲಿಲ್ಲ. ತಲೆಯ ಮೇಲಿಂದಲೇ ಎಳೆದು ತೆಗೆದ. ಬಾವಿಯ ನೀರು ಸುರಿದುಕೊಂಡು ಒದ್ದೆ ಮೈಯಲ್ಲಿ ಬಂದು ನಿಂತ. ಮುನಿಯಪ್ಪ ಮಡಕೆ ಎತ್ತಿ ಅವನ ಹೆಗಲಿಗಿಟ್ಟ. ತಮಟೆ ಮತ್ತೆ ಶುರುವಾಯಿತು.

\* \* \*

ಹೊಲದ ಬದುವಿನ ಪಕ್ಕದಲ್ಲಿ, ಅವನ ಅಪ್ಪನ ಸಮಾಧಿ ಗುಡ್ಡೆಯ ಮಗ್ಗುಲಲ್ಲೇ ಗುಂಡಿ ತೋಡಿದ್ದರು. ಬೈರಯ್ಯ ಹೋಗಿಬಿಟ್ಟಿರಬಹುದೆಂದು ಎಲ್ಲರೂ ತಿಳಿದಿದ್ದರು. ಆದರೆ ಅವನು ಜನರ ಹಿಂದೆ, ಬಹಳ ದೂರ ಬಿಟ್ಟುಕೊಂಡು ಬರುತ್ತಿದ್ದ.

ಕೆಂಪಯ್ಯ ಮೂರು ಸುತ್ತು ಬಂದು ಮಡಕೆ ಒಡೆದ. ಆಮೇಲೆ ತಾನೇ ಗುಂಡಿಗೆ ಇಳಿದ.

"ನಿಂಗೆ ಆಗಾಕಿಲ್ಲ ಕಣಪ್ಪ, ಕಾಲು," ಎಂದ ಮುನಿಯಪ್ಪ.

"ತಲೆ ಕಡೆ ನಾನು ಹಿಡಿತೀನಿ. ಬುಡಿ ಚಿಕ್ಕಯ್ಯ."

ಮೇಲಿನಿಂದ ಇಳಿಬಿಟ್ಟರು. ಅವಳ ತಲೆ ಅವನ ಎರಡು ಅಂಗೈಯೊಳಗೆ ಬಂತು. ಅಷ್ಟು ಹಗುರವಾಗಿರುತ್ತದೆಂದು ಅವನು ಎಣಿಸಿರಲಿಲ್ಲ. ಮೆಲ್ಲಗೆ ಮಣ್ಣಿನ ಮೇಲಿಟ್ಟು, ಕೆನ್ನೆಗೆ ಅಂಟಿದ್ದ ಹುಲ್ಲಿನ ಎಸಳು ತೆಗೆದು, ಸೆರಗು ಮುಚ್ಚಿದ. "ಚಿಕ್ಕವ್ವ" ಎಂದ. ಮೇಲಿದ್ದವರಿಗೆ ಅಷ್ಟೇ ಕೇಳಿಸಿತು.

ಕಾಲ ಕಡೆ ಹಿಡಿದಿದ್ದವನು ಒಂದೇ ನೆಗೆತಕ್ಕೆ ಮೇಲೆ ಹೋದ. ಕೆಂಪಯ್ಯ ಗುಂಡಿಯ ಅಂಚಿಗೆ ಮೊಣಕೈ ಊರಿ ಏಳಲು ನೋಡಿದ. ಮಾಂಸ ಕಳೆದುಕೊಂಡ ಕಾಲಿಗೆ ಮೈ ಎತ್ತುವ ಕಸುವಿರಲಿಲ್ಲ. ಹಸಿ ಮಣ್ಣು ಕುಸಿದು ಹಿಂದಕ್ಕೆ ಜಾರಿದ. ಇನ್ನೊಮ್ಮೆ ಊರಿ, ಇನ್ನೊಮ್ಮೆ ಜಾರಿದ. ಕೊನೆಗೆ ತಲೆಯೆತ್ತದೆ ಕೈಯೊಂದನ್ನು ಮೇಲೆ ಚಾಚಿದ.

ಆ ಅಂಚಿಗೆ ಹತ್ತಿರ ನಿಂತಿದ್ದವನು ಬೈರಯ್ಯ. ಮಣ್ಣು ಹಾಕಲು ಯಾವಾಗಲೋ ಜನರ ನಡುವೆ ನುಗ್ಗಿ ಬಂದಿದ್ದ. ಅವನು ಆ ಕೈಯನ್ನು ನೋಡಿದ. ಸುತ್ತಲಿದ್ದ ಯಾರೂ ಮುಂದೆ ಬರಲಿಲ್ಲ. ಬೈರಯ್ಯ ಮುಷ್ಟಿ ಬಿಚ್ಚಿ ಹಿಡಿಮಣ್ಣನ್ನು ತನ್ನ ಕಾಲ ಬಳಿಯೇ ಉದುರಿಸಿದ. ಮಂಡಿಯೂರಿ ಕೂತು ಎರಡು ಕೈಯನ್ನೂ ಗುಂಡಿಯೊಳಗೆ ಬಿಟ್ಟ.