ಹೊದಿಕೆ ಮೇಸ್ತ್ರಿಯ ‘ಗೊತ್ತಿಲ್ಲ’

ಯೋಚನೆಗೆ ಬಿದ್ದಾಗಲೆಲ್ಲ ಹೊದಿಕೆ ಮೇಸ್ತ್ರಿಯ ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ಉಜ್ಜತೊಡಗುತ್ತಿತ್ತು, ಅಲ್ಲಿಲ್ಲದ ನಶ್ಯವೊಂದನ್ನು ಹುಡಿ ಮಾಡುವಂತೆ. ಮೂವತ್ತನಾಲ್ಕು ವರ್ಷ ಅಟ್ಟಗಳಿಗೂ ಬಿಸಿನೀರಿನ ಕೊಳವೆಗಳಿಗೂ ಚಳಿ ತಡೆಯುವ ಹೊದಿಕೆ ಹಾಸಿ, ಸುತ್ತಿ ಬದುಕಿದ ಅವರಿಗೆ, ಚಿಟಿಕೆ ನಾರನ್ನು ಉಜ್ಜಿದರೆ ಸಾಕು, ಅದರ ಕುಲಗೋತ್ರ ತಿಳಿಯುತ್ತದೆಂಬುದು ಕಸುಬಿನವರೆಲ್ಲರ ನಂಬಿಕೆಯಾಗಿತ್ತು.

“ಗಾಜಿನ ನಾರು ಚುಚ್ಚಿ ಬಯ್ಯುತ್ತೆ ಸಾರ್. ಆಸ್ಬೆಸ್ಟಾಸು ಮುದ್ದು ಮಾಡುತ್ತೆ. ಮುದ್ದು ಮಾಡಿದ್ದನ್ನೇ ನಂಬಿದ್ವಿ,” ಎಂದು ಅವರು, ಕಸುಬಿನ ಕಥೆ ಕೇಳಲು ಹೋಗಿದ್ದ ನನ್ನ ಧ್ವನಿಮುದ್ರಕದ ಮುಂದೆ ನಕ್ಕಿದ್ದರು.

ಅವರ ಹೆಂಡತಿ ಕೆಲಸದ ಸ್ಥಳಕ್ಕೆ ಒಂದು ದಿನವೂ ಕಾಲಿಟ್ಟವರಲ್ಲ. ಪ್ರತಿ ಸಂಜೆ ಹಿತ್ತಿಲಲ್ಲಿ ನಿಂತು ಗಂಡನ ಬೂದು ಕೋಟನ್ನು ಕೊಡವುತ್ತಿದ್ದರು, ಅಷ್ಟೇ. ಕೋಟಿಗಂಟಿದ ಆಸ್ಬೆಸ್ಟಾಸಿನ ಧೂಳು ಅವರ ಶ್ವಾಸಕೋಶದಲ್ಲಿ ದಶಕಗಳ ಕಾಲ ಸದ್ದಿಲ್ಲದೆ ಕುಳಿತು, ಕಡೆಗೆ ಉಸಿರನ್ನೇ ಕಸಿದುಕೊಂಡಿತು.

ಅದಾದ ಎರಡನೆಯ ವರ್ಷ, ಏಳು ತಿಂಗಳ ಗರ್ಭಿಣಿ ಮಗಳು ತಾನು ಹೊಸದಾಗಿ ಕೊಂಡ ಹಳೆಯ ಮನೆಯ ಅಟ್ಟವನ್ನು ಮಗುವಿನ ಕೋಣೆ ಮಾಡಹೊರಟಳು. ಅಳಿಯ ಪೊರಕೆ ಹಿಡಿದು ಏಣಿಯ ಮೇಲೆ ನಿಂತಿದ್ದ. ಜಂತಿಗಳ ನಡುವೆ ಬೂದುಬಣ್ಣದ ಹೊದಿಕೆ ಹಾಸಿತ್ತು.

“ಮಾವ, ಒಂದು ಚಿಟಿಕೆ ಉಜ್ಜಿ ನೋಡಿ ಹೇಳಿ, ಗುಡಿಸಿಬಿಡ್ತೀನಿ.”

ಮೇಸ್ತ್ರಿ ಕೈ ಚಾಚಲಿಲ್ಲ. “ನಂಗೊತ್ತಿಲ್ಲ.”

“ಅಪ್ಪಂಗೆ ಗೊತ್ತಿಲ್ವಂತೆ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ದಾನೋ!” ಮಗಳು ಕೆಳಗಿನಿಂದಲೇ ಕೀಟಲೆ ಮಾಡಿದಳು.

“ಪೊರಕೆ ಅಲ್ಲೇ ಬಿಟ್ಟು ಇಳೀರಿ ಅಳಿಯಂದ್ರೇ. ಮಲಗಿರೋ ಧೂಳನ್ನ ಎಬ್ಬಿಸಬಾರದು. ಬಾಗಿಲು ಮುಚ್ಚೋಣ. ತರಬೇತಿ ಆದೋರು ಬಂದು ಚೂರು ತಗೊಂಡೋಗಿ ಪರೀಕ್ಷೆ ಮಾಡಿಸ್ಲಿ.”

“ಗೊತ್ತೇ ಇಲ್ಲ ಅಂದ್ಮೇಲೆ ಇಷ್ಟು ಭಯ ಯಾಕಪ್ಪಾ?”

“ಗೊತ್ತಿಲ್ಲ ಅಂತಾನೇ ಭಯ, ಮಗಳೇ. ನಿಮ್ಮಮ್ಮ ನನ್ನ ಕೋಟು ಕೊಡವ್ತಿದ್ದಾಗ ನಂಗೆ ಎಲ್ಲಾ ಗೊತ್ತು ಅಂತಿದ್ದೆ.”

ಅಳಿಯ ಇಳಿದು ಬಂದ; ಮೇಸ್ತ್ರಿ ತಾವೇ ಅಟ್ಟದ ಬಾಗಿಲ ಸಂದಿಗಳಿಗೆಲ್ಲ ಟೇಪು ಅಂಟಿಸಿ, ಮಗಳನ್ನು ತಮ್ಮ ಮನೆಗೆ ಕರೆದೊಯ್ದರು. ಹನ್ನೊಂದನೆಯ ದಿನ ವರದಿ ಬಂತು: ಅದು ಆಸ್ಬೆಸ್ಟಾಸೇ. ಮುಖಗವಸು ತೊಟ್ಟ ಪರಿಣತರು ಅದನ್ನು ತೇವಗೊಳಿಸಿ, ಚೀಲಗಳಲ್ಲಿ ಬಿಗಿದು ಸಾಗಿಸುವ ಹೊತ್ತಿಗೆ ಮೊಮ್ಮಗಳು ಹುಟ್ಟಿ ಅಜ್ಜನ ಮನೆಯಲ್ಲೇ ತೊಟ್ಟಿಲು ಕಂಡಿದ್ದಳು.

ದುಡಿದವರ ನೆನಪುಗಳನ್ನು ಸಂಗ್ರಹಿಸುತ್ತ ನಾನು ಹಲವು ಕಸುಬುದಾರರ ಎದುರು ಕುಳಿತಿದ್ದೇನೆ. ಬಲ್ಲದ್ದನ್ನು ಮಕ್ಕಳಿಗೆ ಬಿಟ್ಟುಹೋಗುವ ಹಂಬಲ ಎಲ್ಲರಿಗೂ ಇರುತ್ತದೆ. ತಪ್ಪಾಗಿ ಬಲ್ಲದ್ದನ್ನೂ ಮರೆಮಾಚದೆ ಒಪ್ಪಿಸಿಹೋಗುವವರು ಮಾತ್ರ ವಿರಳ. ಅಂಥವರ ಮನೆಯ ಮಕ್ಕಳು ಸ್ವಲ್ಪ ಹೆಚ್ಚು ಕಾಲ ಉಸಿರಾಡುತ್ತಾರೆ.