ಒತ್ತಾಯವಿಲ್ಲದ ಊಟ

ಚಂದ್ರಕಲಾಗೆ ಎರಡು ಬಗೆಯ ಮಂದಿಯನ್ನು ಕಂಡರೆ ಆಗುತ್ತಿರಲಿಲ್ಲ. ತರಗತಿಗೆ ತಡವಾಗಿ ಬಂದು ಬಾಗಿಲಲ್ಲಿ ನಿಂತು ಹಲ್ಲು ಕಿರಿಯುವವರು ಒಂದು ಬಗೆ. "ಇದೊಂದ ತಿನ್ನು, ಇದೊಂದ" ಎನ್ನುತ್ತ ಉಣ್ಣುವವರ ತಟ್ಟೆಗೆ ಹೋಳಿಗೆ ಒಗೆಯುವವರು ಇನ್ನೊಂದು ಬಗೆ. ರಾಯಚೂರಿನ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತ ಹತ್ತು ವರ್ಷದಿಂದ ಮೊದಲನೆಯವರನ್ನು ಹೇಗೋ ಸಹಿಸಿಕೊಂಡಿದ್ದಳು. ಎರಡನೆಯವರನ್ನು ಸಹಿಸುವ ದರ್ದು ತನಗಿಲ್ಲ ಎನ್ನುತ್ತಿದ್ದಳು. ಹಸಿವು ಅವರವರ ಹೊಟ್ಟೆಯದು, ಅದು ಪಕ್ಕದವಳಿಗೆ ಹೇಗೆ ಗೊತ್ತಾಗಬೇಕು ಎಂಬುದು ಅವಳ ವಾದ. ವಾದ ಸರಿಯಾಗಿಯೇ ಇತ್ತು. ಆದರೆ ಲೋಕದ ಅರ್ಧ ಫಜೀತಿ ಸರಿಯಾದ ವಾದದಿಂದಲೇ ಆಗುವುದು.

ಆ ಭಾನುವಾರ ಸಂಜೆ ಅವಳ ಮನೆಗೆ ಊಟಕ್ಕೆ ಬರುವವರಿದ್ದರು. ಬರುವವರೂ ಸಾಮಾನ್ಯರಲ್ಲ, ತಂಗಿ ವಿಜಯಶ್ರೀಯ ಗಂಡಿನ ಕಡೆಯವರು. ಹುಡುಗ ಬಸವಪ್ರಸಾದ ಮಾನ್ವಿಯವನು, ಮನೆಯ ಅಕ್ಕಿ ಗಿರಣಿ ನೋಡಿಕೊಳ್ಳುವವನು. ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಇಬ್ಬರೂ ಜೊತೆಗೆ ಓದಿದವರು, ಮನಸ್ಸು ಕೂಡಿ ಎರಡು ವರ್ಷವಾಗಿತ್ತು. ದೇವದುರ್ಗದ ತವರಿನಲ್ಲಿ ಹೆಣ್ಣು ತೋರಿಸುವುದೂ ಆಗಿತ್ತು. ಆದರೆ ಮಾನ್ವಿಯವರ ಮನೆತನದಲ್ಲಿ ಒಂದು ಪದ್ಧತಿ. ಮಾತು ಗಟ್ಟಿಯಾಗುವವರೆಗೆ ಹೆಣ್ಣಿನ ಕಡೆಯಲ್ಲಿ ಚಹಾ, ಅವಲಕ್ಕಿ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಮನೆಯ ಹಿರಿಯರು ಬಂದು ಕೂತು ಹೊಟ್ಟೆತುಂಬ ಉಂಡು, ಹೋಳಿಗೆ ತಿಂದು ಎದ್ದರೆಂದರೆ ಸಂಬಂಧ ಕುದುರಿದ ಹಾಗೆ. ಹಿರಿಯರೆಂದರೆ ಹುಡುಗನ ಅಜ್ಜಿ ವೀರಭದ್ರಮ್ಮ. ಆ ಮನೆಯಲ್ಲಿ ಗಿರಣಿ ಕೂಡ ಅಜ್ಜಿಯನ್ನು ಕೇಳಿಯೇ ತಿರುಗುತ್ತಿತ್ತು.

ತಂದೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ತಾಯಿ ದೇವದುರ್ಗ ಬಿಟ್ಟು ಬರುವಂತಿರಲಿಲ್ಲ. "ಹಿರೇಮಗಳು ನೀನ ನಡಸವ್ವ," ಎಂದು ತಾಯಿ ಫೋನಿನಲ್ಲಿ ಹೇಳಿದಳು. "ಅಡಗಿ ಹೆಂಗಾರ ಇರಲಿ. ಒತ್ತಾಯ ಮಾಡಿ ಬಡಸೋದು ಮರೀಬ್ಯಾಡ."

"ಆತು ಬೇ," ಎಂದು ಫೋನಿಟ್ಟ ಚಂದ್ರಕಲಾ ಅಲ್ಲಿಗೆ ಆ ಮಾತನ್ನು ಮರೆತಳು. ಮರೆತಳು ಎನ್ನುವುದಕ್ಕಿಂತ ಬೇಕೆಂದೇ ಬದಿಗಿಟ್ಟಳು.

ಅವಳು ಮಾಡಿದ ಮೊದಲ ಕೆಲಸ, ಮನೆಗೆ ಮಂದಿ ಬಂದಾಗ ಮಾಡುವ ಸುಲಭದ ಅಡುಗೆ ಯಾವುದೆಂದು ಮೊಬೈಲಿನಲ್ಲಿ ಹುಡುಕಿದ್ದು. ಪಾಸ್ತಾ ಬಂತು, ಚೀಸು ಹಾಕಿ ಬೇಯಿಸಿದ್ದು ಬಂತು, ಹೆಸರು ಹೇಳಲು ನಾಲಿಗೆ ತಿರುಗದ ಇನ್ನೂ ಏನೇನೋ ಬಂತು. ವೀರಭದ್ರಮ್ಮನ ಮುಂದೆ ಪಾಸ್ತಾ ಇಟ್ಟರೆ, ಈ ಸಂಡಿಗೆ ಕರಿಯುವುದು ಮರೆತಿರೇನವ್ವಾ ಎಂದು ಕೇಳಿಯಾಳು ಎಂದುಕೊಂಡು ಅವನ್ನೆಲ್ಲ ದಾಟಿಸಿದಳು. ಆದರೆ ಅದರಲ್ಲಿ ಹೇಳಿದ್ದ ಮೂರು ಸೂತ್ರ ಅವಳಿಗೆ ಬಹಳ ಹಿಡಿಸಿದವು. ಮುಂಚೆಯೇ ಮಾಡಿಡಬಹುದಾದದ್ದನ್ನು ಮಾಡಿ. ಕೊನೆಯ ಗಳಿಗೆಗೆ ಒಂದೇ ಪಾತ್ರೆಯ ಕೆಲಸ ಉಳಿಯಲಿ. ಎಲ್ಲವನ್ನೂ ಮೇಜಿನ ಮೇಲಿಟ್ಟು, ಬಂದವರು ಬೇಕಾದ್ದು ಹಾಕಿಕೊಳ್ಳಲಿ, ಮನೆಯೊಡತಿ ಅವರ ಜೊತೆ ಆರಾಮಾಗಿ ಕೂತು ಉಣ್ಣಲಿ.

ಮೊದಲ ಎರಡು ಸೂತ್ರಕ್ಕೆ ನಮ್ಮ ಊಟದಷ್ಟು ಒಪ್ಪುವುದು ಬೇರೊಂದಿಲ್ಲ ಎಂಬುದು ಅವಳಿಗೆ ಹೊಳೆದು ಖುಷಿಯಾಯಿತು. ಶುಕ್ರವಾರವೇ ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿದಳು, ವಾರವಿಟ್ಟರೂ ಕೆಡುವುದಿಲ್ಲ. ಓಣಿಯ ತುದಿಯಲ್ಲಿ ರೊಟ್ಟಿ ಬಡಿದು ಮಾರುವವರಿಗೆ ಐವತ್ತು ಕಡಕ್ ರೊಟ್ಟಿಗೆ ಹೇಳಿದಳು. ಪುಂಡಿಪಲ್ಯ ಶನಿವಾರ ಸಂಜೆಯೇ ಆಯಿತು, ಅದು ಮರುದಿನಕ್ಕೇ ರುಚಿ. ಎಣ್ಣೆಗಾಯಿ ಭಾನುವಾರ ಬೆಳಿಗ್ಗೆ ಆಯಿತು, ಸಂಜೆಯ ಹೊತ್ತಿಗೆ ಮಸಾಲೆ ಬದನೆಕಾಯಿಯ ಹೊಟ್ಟೆಯೊಳಗೆ ಇಳಿದಿರುತ್ತದೆ. ಗುರೆಳ್ಳಿನ ಪುಡಿ, ಶೇಂಗಾ ಚಟ್ನಿ, ಕೆನೆ ಮೊಸರು, ಹೆಸರುಬೇಳೆ ಕೋಸಂಬರಿ, ಇವಕ್ಕೆ ಒಲೆಯೇ ಬೇಡ. ಕೊನೆಗೆ ಉಳಿದದ್ದು ಬಿಸಿ ಅನ್ನದ ಒಂದು ಕುಕ್ಕರು, ಅದರ ಪಕ್ಕಕ್ಕೆ ಸಾರು. ಸಂಜೆ ಐದಕ್ಕೆ ಅವಳು ಮುಖ ತೊಳೆದು, ಇಳಕಲ್ ಸೀರೆ ಉಟ್ಟು, ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಿದ್ದಳು. ಮಂದಿ ಊಟಕ್ಕೆ ಬರುವ ದಿನ ಒಬ್ಬ ಹೆಂಗಸು ಹಾಗೆ ಕೂತದ್ದನ್ನು ಆ ಓಣಿ ಅದೇ ಮೊದಲು ನೋಡಿದ್ದು.

ಮೇಜು ಪಕ್ಕದ ಮನೆಯ ಖತೀಜಾ ಬೀ ಅವರದು. ಮೇಜನ್ನು ಒಳಗಿಡಿಸುವಾಗ ಅವರು ಒಂದರ ಮೇಲೊಂದು ಪೇರಿಸಿದ್ದ ತಟ್ಟೆಗಳನ್ನು ನೋಡಿದರು. "ಏನವ್ವಾ, ನಿಂತು ಉಣ್ಣೋ ದಾವತ್ತೇನು? ಎತ್ತು ಸುದ್ದಾ ಕುಂತೇ ಮೆಲಕು ಹಾಕ್ತದ."

"ಕುರ್ಚಿ ಅದಾವ್ರೀ. ಹಾಕ್ಕೊಂಡು ಕುಂದರ್ತಾರ."

"ಬೀಗರು ತಾವ ಹಾಕ್ಕೋತಾರ?" ಎನ್ನುತ್ತ ಖತೀಜಾ ಬೀ ಹೊರಟರು. ಗಂಡ ಉದಯಕುಮಾರನೂ ಒಮ್ಮೆ ಗಂಟಲು ಸರಿಪಡಿಸಿಕೊಂಡು, "ಚಂದ್ರಾ, ಒಂದೀಟು ಬಡಸಿದ್ರ ಚೊಲೊ ಇರ್ತಿತ್ತೇನೋ," ಎಂದ. ಚಂದ್ರಕಲಾ ಅವನನ್ನು ತಡವಾಗಿ ಬಂದ ಹುಡುಗನನ್ನು ನೋಡಿದಂತೆ ನೋಡಿದಳು. ಅವನು ನೀರಿನ ಲೋಟ ಜೋಡಿಸಲು ಹೋದ.

ಆರೂವರೆಗೆ ಮಾನ್ವಿಯವರು ಬಂದರು. ಮುಂದೆ ವೀರಭದ್ರಮ್ಮ, ಹಿಂದೆ ಹುಡುಗನ ತಂದೆ, ಅಜ್ಜಿಯ ಮಗ ಮಹಾಂತಯ್ಯ, ತಾಯಿ ವಿಜಯಲಕ್ಷ್ಮಿ, ಕೊನೆಗೆ ಹೊಸ ಅಂಗಿ ತೊಟ್ಟ ಬಸವಪ್ರಸಾದ. ರಾತ್ರಿ ಬಹಳವಾಗುವ ಮೊದಲು ಊರ ದಾರಿ ಹಿಡಿಯಬೇಕೆಂದರು. ಚಹಾ ಆಯಿತು, ಮಳೆ ಬೆಳೆಯ ಮಾತಾಯಿತು. ವಿಜಯಶ್ರೀ ಅಜ್ಜಿಯ ಕಾಲು ಮುಟ್ಟಿದಳು. ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆದಿತ್ತು.

"ಬರ್ರಿ, ಊಟಕ್ಕ ಏಳ್ರಿ," ಎಂದಳು ಚಂದ್ರಕಲಾ. "ಎಲ್ಲಾ ಇಲ್ಲೇ ಇಟ್ಟೀನಿ. ಯಾರಿಗೆ ಏನ್ ಬೇಕೋ ಹಾಕ್ಕೊಳ್ರಿ. ಸಂಕೋಚ ಬ್ಯಾಡ."

ನಾಲ್ವರೂ ಮೇಜಿನ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಮಹಾಂತಯ್ಯ ಆರಡಿಯ ಆಳು, ಗಿರಣಿಯ ಮೂಟೆ ಎತ್ತಿ ಬೆಳೆದ ಮೈ. ಅವರು ಅರ್ಧ ರೊಟ್ಟಿ ಮುರಿದುಕೊಂಡು ಉಳಿದರ್ಧವನ್ನು ಬುಟ್ಟಿಗೇ ಇಟ್ಟರು. ವಿಜಯಲಕ್ಷ್ಮಿ ಒಂದು ಬದನೆಕಾಯಿ ಹಾಕಿಕೊಂಡರು, ಅದೂ ಸಣ್ಣದನ್ನು ಆರಿಸಿ. ಬೀಗರ ಮನೆಯಲ್ಲಿ ಮೊದಲ ದಿನವೇ ಸೌಟಿಗೆ ಕೈ ಹಾಕಿ ತಟ್ಟೆ ತುಂಬಿಸಿಕೊಳ್ಳುವುದುಂಟೇ?

ಚಂದ್ರಕಲಾ ಸಂತೋಷದಿಂದ ಅವರೆದುರು ಕೂತು ಉಂಡಳು. ಒಂದೂವರೆ ರೊಟ್ಟಿ, ಎರಡು ಬದನೆಕಾಯಿ, ಮೇಲೆ ಅನ್ನ. ನಡುವೆ ಮರೆಯದೆ ಎಲ್ಲರನ್ನೂ ಕೇಳಿದಳು.

"ಅಜ್ಜಿ, ಇನ್ನೊಂದು ರೊಟ್ಟಿ?"

ವೀರಭದ್ರಮ್ಮ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು. "ಸಾಕವ್ವ."

"ಸರಿ ಬಿಡ್ರಿ, ನಾ ಒತ್ತಾಯ ಮಾಡಂಗಿಲ್ಲ." ಚಂದ್ರಕಲಾ ಬುಟ್ಟಿಯ ಮುಚ್ಚಳ ಹಾಕಿದಳು.

ಮಹಾಂತಯ್ಯನ ಕೈ ಬಾಯಿಗೆ ಹೋಗುತ್ತಿದ್ದದ್ದು ಅರೆಗಳಿಗೆ ನಿಂತಿತು. ಅವರೂ ಹೋಳಿಗೆಗೆ "ಬ್ಯಾಡ್ರಿ" ಎಂದರು. ಅವಳು ಆ ಡಬ್ಬಿಯನ್ನೂ ಮುಚ್ಚಿದಳು. ಇಪ್ಪತ್ತು ನಿಮಿಷದಲ್ಲಿ ಊಟ ಮುಗಿಯಿತು. ಎಲೆ ಅಡಿಕೆ ಕೊಟ್ಟು, ಕಾರಿನವರೆಗೆ ಹೋಗಿ ಕಳಿಸಿ ಬಂದ ಚಂದ್ರಕಲಾ, "ನೋಡ್ರಿ, ಎಷ್ಟು ಹಗುರ ಆತು," ಎಂದಳು. ಉದಯಕುಮಾರ ಬುಟ್ಟಿಯೊಳಗೆ ಇಣುಕಿ ನೋಡಿದ. ಐವತ್ತರಲ್ಲಿ ನಲವತ್ತೈದು ರೊಟ್ಟಿ ಹಾಗೇ ಇದ್ದವು.

ಪಾತ್ರೆ ತೊಳೆಯುವುದು ಮುಗಿಯುವ ಮೊದಲೇ ವಿಜಯಶ್ರೀಯ ಮೊಬೈಲು ಸದ್ದು ಮಾಡಿತು. ಓದಿದವಳ ಮುಖ ಸುಣ್ಣದಂತಾಯಿತು. ಅದನ್ನು ಅಕ್ಕನ ಕೈಗೆ ಕೊಟ್ಟಳು. ಬಸವಪ್ರಸಾದ ಬರೆದಿದ್ದ: "ನಿಮ್ಮಕ್ಕಗ ಈ ಸಂಬಂಧ ಬ್ಯಾಡೇನು? ಮನಸ್ಸಿದ್ದಿದ್ರ ಎರಡನೇ ಮಾತು ಕೇಳತಿದ್ರು ಅಂತ ಅಜ್ಜಿ ಅನ್ನಾಕತ್ತಾಳ. ಯಾರೂ ಹೊಟ್ಟಿತುಂಬ ಉಂಡಿಲ್ಲ. ಮಾನ್ವಿ ರಸ್ತೆದಾಗ ಒಂದು ಖಾನಾವಳಿಗೆ ಬಂದೀವಿ."

ಚಂದ್ರಕಲಾ ಅದನ್ನು ಎರಡು ಸಲ ಓದಿದಳು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೊದಲ ಅರ್ಧವನ್ನಷ್ಟೇ ಅವಳು ಹುಡುಗರಿಗೆ ಹತ್ತು ವರ್ಷ ಪಾಠ ಮಾಡಿದ್ದಳು.

"ನಾ ಅವರಿಗೆ ತ್ರಾಸ್ ಆಗಬಾರದಂತ ಮಾಡಿದ್ನಲ್ಲ," ಎಂದಳು.

"ನನಗ ಗೊತ್ತದ ಅಕ್ಕಾ," ಎಂದಳು ವಿಜಯಶ್ರೀ. "ಅವರಿಗೆ ಗೊತ್ತಿಲ್ಲ." ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಂಗಿ ಬೈಯಲಿಲ್ಲ, ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸತೊಡಗಿದಳು. ಚಂದ್ರಕಲಾಗೆ ತನ್ನ ಮೇಲೇ ಸಿಟ್ಟು ಬಂತು. ತನ್ನ ಒಂದು ಹಟಕ್ಕೆ ಈ ಹುಡುಗಿಯ ಎರಡು ವರ್ಷ ಮಣ್ಣುಪಾಲಾಗಬೇಕೇ ಎನಿಸಿತು.

"ಗಾಡಿ ತಗೀರಿ," ಎಂದಳು ಗಂಡನಿಗೆ. ಹೋಳಿಗೆ ಡಬ್ಬಿ, ಎಣ್ಣೆಗಾಯಿ ಪಾತ್ರೆ, ರೊಟ್ಟಿಯ ಬುಟ್ಟಿ, ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು. ಹೆಣ್ಣು ತಾನೇ ಬೆನ್ನುಹತ್ತಿ ಬಂದಂತಾದೀತೆಂದು ವಿಜಯಶ್ರೀಯನ್ನು ಮನೆಯಲ್ಲೇ ಬಿಟ್ಟರು.

ಖಾನಾವಳಿಯ ಮುಂದೆ ಮಾನ್ವಿಯವರ ಕಾರು ನಿಂತಿತ್ತು. ಒಳಗೆ ನಾಲ್ವರೂ ಸಾಲಾಗಿ ಕೂತಿದ್ದರು. ಮಹಾಂತಯ್ಯ ತಲೆ ಎತ್ತದೆ ಉಣ್ಣುತ್ತಿದ್ದರು. ಚಂದ್ರಕಲಾ ಸೀದಾ ಒಳಗೆ ಬಂದದ್ದನ್ನು ಕಂಡು ಅವರ ಕೈಯಲ್ಲಿನ ತುತ್ತು ತಟ್ಟೆಗೆ ಬಿತ್ತು. ಬೇಕರಿ ಮುಂದೆ ಮೇಷ್ಟ್ರ ಕೈಗೆ ಸಿಕ್ಕ ಹುಡುಗನ ಹಾಗೆ ಅವರು ಕೈ ಹಿಂದಕ್ಕೆಳೆದುಕೊಂಡರು.

"ಹೊರಗಿನ ಊಟ ಒಳಗ ತರಂಗಿಲ್ಲವ್ವ," ಎಂದಳು ಖಾನಾವಳಿಯ ಯಜಮಾನಿ, ಗೋಡೆಯ ಮೇಲಿನ ಬೋರ್ಡು ತೋರಿಸುತ್ತ.

"ಇವರು ನಮ್ಮ ಮನಿಂದ ಹಸದು ಬಂದಾರ್ರಿ," ಎಂದಳು ಚಂದ್ರಕಲಾ. "ತಪ್ಪು ನಂದು. ಇವತ್ತೊಂದು ದಿನ ಬಿಡ್ರಿ."

ಯಜಮಾನಿ ಬೀಗರತ್ತ ನೋಡಿದಳು, ಬುಟ್ಟಿಯತ್ತ ನೋಡಿದಳು. ವಿಷಯ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ಹಂಗಾದ್ರ ಬಡಸವ್ವ," ಎಂದು ಪಕ್ಕಕ್ಕೆ ಸರಿದಳು.

ಚಂದ್ರಕಲಾ ವೀರಭದ್ರಮ್ಮನ ಮುಂದೆ ನಿಂತಳು. ತರಗತಿಯಲ್ಲಿ ಎಂಬತ್ತು ಹುಡುಗರ ಮುಂದೆ ತಡವರಿಸದ ನಾಲಿಗೆ ಈಗ ತಡವರಿಸಿತು. "ಅಜ್ಜಿ, ನೀವು ಸಾಕು ಅಂದ್ರಿ. ನಾ ಖರೇನ ಸಾಕು ಅಂತ ತಿಳಕೊಂಡೆ. ಒತ್ತಾಯ ಮಾಡಿದ್ರ ನಿಮಗ ಕಾಟ ಕೊಟ್ಟಂಗ ಅಂತ ನನ್ನ ತಲ್ಯಾಗ. ನನಗ ಈ ಸಂಬಂಧ ಬ್ಯಾಡಂತಲ್ಲ. ನಮ್ಮ ತಂಗಿಗೆ ನಿಮ್ಮ ಮನಿ ಬಿಟ್ರ ಬ್ಯಾರೆ ಮನಿ ಬ್ಯಾಡ, ನನಗೂ ಬ್ಯಾಡ."

ವೀರಭದ್ರಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. "ನಾ ಸಾಕು ಅಂದಾಗ ನೀ ಮುಚ್ಚಳ ಹಾಕಿದಿ ನೋಡು," ಎಂದರು ಮೆಲ್ಲಗೆ. "ಆವಾಗ ನನಗ ಮನಿ ಬಾಗಲಾನ ಹಾಕಿದಂಗಾತು."

ಚಂದ್ರಕಲಾ ಬುಟ್ಟಿಯ ಮುಚ್ಚಳ ತೆರೆದಳು. ಬಾಗಿ, ರೊಟ್ಟಿಯೊಂದನ್ನು ತೆಗೆದು ಅಜ್ಜಿಯ ತಟ್ಟೆಗೆ ಚಾಚಿದಳು. ವೀರಭದ್ರಮ್ಮ ಅಂಗೈ ಅಡ್ಡ ಹಿಡಿದರು. "ಬ್ಯಾಡವ್ವ. ಈಗ ಖರೇನ ಹೊಟ್ಟಿ ತುಂಬ್ಯಾದ."

ಮಹಾಂತಯ್ಯ ಕೆಮ್ಮಿದರು. ಚಂದ್ರಕಲಾಗೆ ತನ್ನ ವಾದ ನೆನಪಾಯಿತು. ಈ ಸಲ ಅಜ್ಜಿಯ ಹೊಟ್ಟೆ ತುಂಬಿರುವುದು ಅಜ್ಜಿಯ ಕಣ್ಣಲ್ಲೇ ಕಾಣುತ್ತಿತ್ತು. ಆದರೂ ಅವಳು ಕೈ ಹಿಂದೆಗೆಯಲಿಲ್ಲ. ಅಡ್ಡ ಹಿಡಿದ ಕೈಯ ಮೇಲೇ ರೊಟ್ಟಿ ಇಟ್ಟಳು, ಅದರ ಮೇಲೆ ಒಂದು ಎಣ್ಣೆಗಾಯಿ ಇಟ್ಟಳು. "ನನ್ನ ಸಲುವಾಗಿ ತಿನ್ರಿ," ಎಂದಳು. ಹೇಳುವಾಗ ಕಣ್ಣಲ್ಲಿ ನೀರು ಬಂತು.

ಅಜ್ಜಿ ತಮ್ಮ ಕೈಯ ಮೇಲಿನ ರೊಟ್ಟಿಯನ್ನು ನೋಡಿದರು. ಮಣಿಕಟ್ಟಿಗೆ ಇಳಿಯುತ್ತಿದ್ದ ಎಣ್ಣೆಯನ್ನು ನೋಡಿದರು. ಆಮೇಲೆ ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಮಹಾಂತಾ, ಇಕಿ ಈಗ ಬೀಗತಿ ಆದಳು ನೋಡು," ಎಂದು ರೊಟ್ಟಿಯನ್ನು ಬದನೆಕಾಯಿಯ ಎಣ್ಣೆಯಲ್ಲಿ ನೆನೆಸಿ ಒಂದು ಚೂರು ಬಾಯಿಗಿಟ್ಟುಕೊಂಡರು. ಹೋಳಿಗೆಯ ಡಬ್ಬಿ ತೆಗೆಸಿ ಅದನ್ನೂ ಮುರಿದರು. ಬಸವಪ್ರಸಾದ ಮೇಜಿನ ಕೆಳಗೆ ಮೊಬೈಲು ಹಿಡಿದು ಏನೋ ಬರೆದ. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಯಾರಿಗೂ ಉಳಿಗಾಲವಿರಲಿಲ್ಲ. ಮಹಾಂತಯ್ಯ ಎರಡು ಸಲ ಬೇಡವೆಂದು ನಾಲ್ಕು ಹೋಳಿಗೆ ತಿಂದರು. ವಿಜಯಲಕ್ಷ್ಮಿ ಸೀರೆಯ ನೆರಿಗೆ ಸಡಿಲಿಸಿಕೊಂಡು ಇನ್ನೊಂದು ರೊಟ್ಟಿಗೆ ಕೈ ಒಡ್ಡಿದರು. ಉದಯಕುಮಾರ ಯಾರೂ ಕರೆಯುವ ಮೊದಲೇ ತಟ್ಟೆ ತೆಗೆದುಕೊಂಡು ಕೂತಿದ್ದ. ಖಾನಾವಳಿಯ ಯಜಮಾನಿಗೂ ಒಂದು ಹೋಳಿಗೆ ಹೋಯಿತು. ಬರುವ ಸೋಮವಾರ ದೇವದುರ್ಗಕ್ಕೆ ಹೋಗಿ ಮುಹೂರ್ತ ನೋಡುವ ಮಾತಾಯಿತು.

ವೀರಭದ್ರಮ್ಮ ಚಂದ್ರಕಲಾಳ ರಟ್ಟೆ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಒಂದು ತಟ್ಟೆ ಎಳೆದು ಎರಡು ರೊಟ್ಟಿ ಹಾಕಿದರು.

"ಸಾಕ್ರಿ ಅಜ್ಜಿ, ಬ್ಯಾಡ," ಎಂದಳು ಚಂದ್ರಕಲಾ. "ನಾ ಮನ್ಯಾಗ ನಿಮ್ಮ ಮುಂದ ಉಂಡೀನಿ. ನನಗ ಹಸಿವಿಲ್ಲ."

ಅದು ಅಪ್ಪಟ ಸತ್ಯವಾಗಿತ್ತು. ಅಲ್ಲಿದ್ದ ಒಬ್ಬರೂ ಅದನ್ನು ನಂಬಲಿಲ್ಲ. ಅಜ್ಜಿ ಖಾನಾವಳಿಯ ಮೊಸರು ಸುರಿದರು, ವಿಜಯಲಕ್ಷ್ಮಿ ಚಟ್ನಿ ಹಾಕಿದರು. ಚಂದ್ರಕಲಾ ಒಮ್ಮೆ ಗಂಡನ ಮುಖ ನೋಡಿದಳು, ಒಮ್ಮೆ ತಟ್ಟೆ ನೋಡಿದಳು, ರೊಟ್ಟಿ ಮುರಿದಳು.