ಕಿಟಕಿಯ ಕಡೆ ಮುಖ

"ಈ ಮಾತ್ರೆ ಬರೆದುಕೊಡ್ತಿರೋ ಡಾಕ್ಟರ್ ಯಾರು?"

ಕಣ್ಣಿನ ಡಾಕ್ಟರಮ್ಮ ಕೇಳಿದ್ದು ಹೆಂಡತಿಯನ್ನು. ಪಕ್ಕದಲ್ಲಿದ್ದ ಗಂಡ ನೆಲ ನೋಡಿದ.

"ಮೊದಲು ಕೀಲಿನ ಡಾಕ್ಟರೊಬ್ಬರು ಬರೆದಿದ್ರು. ಆಮೇಲೆಲ್ಲಾ ಇವರೇ ತಂದುಕೊಡ್ತಾರೆ. ಇವರದ್ದೇ ಔಷಧಿ ಅಂಗಡಿ," ಎಂದಳು ಹೆಂಡತಿ. ಆ ಮಾತಿನಲ್ಲಿ ಈಗಲೂ ಒಂದಿಷ್ಟು ಹೆಮ್ಮೆ ಇತ್ತು. ಅದನ್ನು ಕೇಳಿ ಅವನಿಗೆ ಕುರ್ಚಿ ಬಿಟ್ಟೆದ್ದು ಓಡಿಹೋಗಬೇಕೆನಿಸಿತು.

"ಎಷ್ಟು ವರ್ಷದಿಂದ?"

"ಹತ್ತು ಹನ್ನೆರಡು ವರ್ಷ ಆಗಿರಬೇಕು."

"ಮಧ್ಯೆ ಒಂದ್ಸಲಾನಾದ್ರೂ ಕಣ್ಣು ತೋರಿಸಿದ್ರಾ?"

ಹೆಂಡತಿ ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದಳು. ಹೆಂಡತಿಯ ಕಣ್ಣಿನೊಳಗಿನ ಚಿತ್ರ: ಕಿತ್ತಳೆ ಬಣ್ಣದ ಗೋಳದ ನಡುವೆ ತೇಪೆಯಂತೆ ಬಿಳಿಚಿಕೊಂಡ ಒಂದು ಜಾಗ.

"ಕೀಲುವಾತಕ್ಕೆ ಇದು ಒಳ್ಳೇ ಮಾತ್ರೇನೇ. ಆದ್ರೆ ವರ್ಷಾನುಗಟ್ಟಲೆ ತಗೊಂಡ್ರೆ ಕೆಲವರಿಗೆ ಕಣ್ಣಿನ ಹಿಂದಿನ ಪರದೆ ಕೆಡತ್ತೆ. ಅದಕ್ಕೇ ವರ್ಷಕ್ಕೊಂದ್ಸಲ ಪರೀಕ್ಷೆ ಮಾಡಿಸ್ಬೇಕು. ತೂಕ ಇಳಿದ್ರೆ ಮಾತ್ರೇನೂ ಇಳಿಸ್ಬೇಕು. ಇವರು ಎಷ್ಟು ಸೊರಗಿದ್ದಾರೆ ನೋಡಿ. ಇವತ್ತೇ ನಿಲ್ಲಿಸಿ. ಬೇರೆ ಔಷಧಿಗೆ ಕೀಲಿನ ಡಾಕ್ಟರನ್ನ ಕಾಣಿ."

"ನಿಲ್ಲಿಸಿದ್ರೆ ಕಣ್ಣು ಸರಿಹೋಗತ್ತಾ?" ಎಂದ ಅವನು.

"ಹೋಗಿದ್ದು ಬರಲ್ಲ. ಇರೋದು ಉಳಿದ್ರೆ ಸಾಕು ಅಂದ್ಕೊಳ್ಳಿ."

ಸೊರಗಿದ್ದು ಅವನಿಗೆ ಗೊತ್ತಿರಲಿಲ್ಲವೇ? ಅವಳು ತನ್ನ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಒಳಗೆ ಹಿಡಿದು ಹೊಲಿದುಕೊಳ್ಳುತ್ತಿದ್ದಾಗ, "ನೀನು ಹೀಗೇ ಇಳೀತಾ ಹೋದ್ರೆ ಒಂದಿನ ದಾರದುಂಡೆ ಹಿಂದೆ ಹುಡುಕಬೇಕಾಗತ್ತೆ ಕಣೇ," ಎಂದು ನಕ್ಕವನು ಅವನೇ. ಬೀದಿಯವರು ಅವನನ್ನು ಅರ್ಧ ಡಾಕ್ಟರು ಎಂದು ಕರೆಯುತ್ತಿದ್ದರು. ಚೀಟಿಯಿಲ್ಲದೆ ಬಂದವರು ಎಷ್ಟು ಗೋಗರೆದರೂ ಮಾತ್ರೆ ಕೊಡುವ ಆಸಾಮಿಯಲ್ಲ. "ಮೊದಲು ಹೋಗಿ ಡಾಕ್ಟರಿಗೆ ತೋರಿಸಿ," ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಿದ್ದ. ಮನೆಯವಳಿಗೆ ಮಾತ್ರ ಚೀಟಿಯೂ ಬೇಡ, ಡಾಕ್ಟರೂ ಬೇಡ. ದಿನಾ ಬೆಳಿಗ್ಗೆ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಮಾತ್ರೆ ಹಿಡಿದು ಅವಳ ಮುಂದೆ ನಿಲ್ಲುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳದು ಹರಿದ ಬಟ್ಟೆಗೆ ರಫು ಮಾಡುವ ಕೆಲಸ. ಸಿಗರೇಟು ಸುಟ್ಟ ತೂತು, ಇಲಿ ಕಚ್ಚಿದ ಅಂಚು, ಏನೇ ತಂದರೂ ಎಳೆಗೆ ಎಳೆ ಸೇರಿಸಿ, ಹರಿದದ್ದೆಲ್ಲಿ ಎಂದು ಕೊಟ್ಟವರೇ ಹುಡುಕುವಂತೆ ಮಾಡಿಕೊಡುತ್ತಿದ್ದಳು. ಕಳೆದ ತಿಂಗಳು ವಕೀಲರೊಬ್ಬರು ತಮ್ಮ ಕರಿ ಕೋಟನ್ನು ವಾಪಸು ತಂದು ಬಿಸಿಲಿಗೆ ಹಿಡಿದರು. ತೋಳಿನ ಮೇಲೆ ಕಡುನೀಲಿಯ ಒಂದು ತೇಪೆ. "ಕರಿ ದಾರಾನೇ ಹಾಕಿದ್ದೆ," ಎಂದು ಅವಳು ಮತ್ತೆ ಮತ್ತೆ ಹೇಳಿದಳು. ಅವನು ಆಗಲೂ ನಕ್ಕಿದ್ದ. "ವಯಸ್ಸಾಯ್ತು, ಕನ್ನಡಕ ಬದಲಾಯಿಸು."

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅವನನ್ನು ನೋಡುವುದನ್ನೇ ಬಿಟ್ಟಳು. ಅವನು ಎದುರು ಬಂದರೆ ಮುಖ ಕಿಟಕಿಯ ಕಡೆ ಹೊರಳುತ್ತಿತ್ತು. ಊಟ ಆಯ್ತಾ ಎಂದು ಗೋಡೆಯನ್ನು ಕೇಳುತ್ತಿದ್ದಳು. ಕೀಲಿನ ಡಾಕ್ಟರು ಕೊಟ್ಟ ವಾರಕ್ಕೊಮ್ಮೆಯ ಹೊಸ ಔಷಧಿ ಇನ್ನೂ ನಾಟಿರಲಿಲ್ಲ, ಬೆರಳಿನ ಗೆಣ್ಣುಗಳು ಮತ್ತೆ ಊದತೊಡಗಿದ್ದವು. ಸೂಜಿಡಬ್ಬಿಯ ಮುಚ್ಚಳ ತೆಗೆಯುವುದು, ಒಳಗೆ ಬೆರಳಾಡಿಸುವುದು, ಮುಚ್ಚುವುದು, ಅಷ್ಟೇ ಅವಳ ಕೆಲಸವಾಗಿತ್ತು. ಒಂದು ಬೈಗುಳವಿಲ್ಲ, ಒಂದು ಕೊಂಕು ಮಾತಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೆ ಅವನು ತಲೆ ತಗ್ಗಿಸಿಯಾದರೂ ನಿಲ್ಲುತ್ತಿದ್ದ. ಈ ತಿರುಗಿದ ಮುಖದ ಮುಂದೆ ಎಲ್ಲಿ ನಿಲ್ಲುವುದೆಂದೇ ತಿಳಿಯಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದ, ಕ್ಷೌರ ಬಿಟ್ಟ.

ಒಂದು ಬೆಳಿಗ್ಗೆ ಅಭ್ಯಾಸಬಲದಿಂದ ನೀರಿನ ಲೋಟ ತುಂಬಿಸಿಕೊಂಡು ಅವಳ ಮುಂದೆ ಹೋಗಿ ನಿಂತ. ನಿಂತ ಮೇಲೆ ಇನ್ನೊಂದು ಕೈ ಬರಿದಾಗಿರುವುದು ಗೊತ್ತಾಯಿತು. ಅವಳೂ ಅಭ್ಯಾಸದಿಂದಲೇ ಅಂಗೈ ಚಾಚಿದ್ದಳು, ಮುಖ ಮಾತ್ರ ಕಿಟಕಿಯ ಕಡೆಗಿತ್ತು. ಲೋಟವನ್ನು ನೆಲಕ್ಕಿಟ್ಟು ಅಲ್ಲೇ ಕುಸಿದ.

"ಬೈದುಬಿಡೇ. ನಿನ್ನ ಕಣ್ಣು ತೆಗೆದವನು ನಾನೇ ಅಂತ ನಾಲ್ಕು ಜನರ ಮುಂದೆ ಬೇಕಾದ್ರೂ ಹೇಳು. ಹೀಗೆ ಮುಖ ಮಾತ್ರ ತಿರುಗಿಸ್ಬೇಡ. ನನ್ನ ಕೈಲಿ ತಡೆಯೋಕಾಗಲ್ಲ."

ಅವಳು ಚಾಚಿದ ಕೈಯನ್ನು ನಿಧಾನವಾಗಿ ಮಡಿಲಿಗೆ ಎಳೆದುಕೊಂಡಳು.

"ಗಡ್ಡ ಯಾಕ್ರೀ ಬಿಟ್ಟಿದ್ದೀರಿ?" ಎಂದಳು, ಕಿಟಕಿಯನ್ನೇ ನೋಡುತ್ತ. "ಎಲ್ಲಾ ಬೆಳ್ಳಗಾಗಿದೆ."

ಅವನು ತಲೆ ಎತ್ತಿದ.

"ಕೋಪ ಇದೆ. ಇಲ್ಲ ಅಂದ್ರೆ ಸುಳ್ಳಾಗತ್ತೆ," ಎಂದಳು. "ಆದ್ರೆ ಮುಖ ತಿರುಗಿಸೋದು ಅದಕ್ಕಲ್ಲ. ನೇರ ನೋಡಿದ್ರೆ ನಿಮ್ಮ ಮುಖಾನೇ ಇರಲ್ಲ ರೀ. ಎರಡು ಭುಜ ಇರತ್ತೆ, ಮೇಲೆ ಏನೋ ಮಬ್ಬು. ಕಿಟಕಿ ಕಡೆ ನೋಡಿದ್ರೆ, ಈ ಪಕ್ಕದಲ್ಲಿ ಚೂರು ಕಾಣ್ತೀರಿ. ಇಷ್ಟು ದಿನಾನೂ ನಿಮ್ಮನ್ನೇ ನೋಡ್ತಿದ್ದೆ."

ಅವನು ಕಣ್ಣೊರೆಸಿಕೊಳ್ಳಲು ಕೈ ಎತ್ತಿದ.

"ಅಲ್ಲಾಡ್ಬೇಡಿ," ಎಂದಳು ಅವಳು. "ತಪ್ಪಿಹೋಗ್ತೀರಿ."

ಎತ್ತಿದ ಕೈಯನ್ನು ಅವನು ಮೆಲ್ಲಗೆ ಇಳಿಸಿದ. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅವಳು ಕಿಟಕಿಯತ್ತ ಮುಖ ಮಾಡಿ ನೋಡುತ್ತಲೇ ಇದ್ದಳು. ಅವನು ನೀರಿನ ಲೋಟದ ಪಕ್ಕದಲ್ಲಿ, ಒದ್ದೆ ಗಡ್ಡವನ್ನು ಒರೆಸಿಕೊಳ್ಳದೆ, ಅಲುಗಾಡದೆ ಕೂತಿದ್ದ.